ಬಂದ ಮೇಲೆ ವೀಸಾ ಕೇಳಬಹುದೇ?

ನಮ್ಮ ಕಾಸರಗೋಡಿನ ಮಕ್ಕಳಿಗೆ 'ವೀಸಾ' ಎಂಬ ಮಾತನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಗಲ್ಫಿಗೆ ಹೋದ ತಂದೆಯೋ ಮಾವನೋ ಅಣ್ಣನೋ ಇಲ್ಲದ ಊರು ಇಲ್ಲಿ ಅಪರೂಪ. ಮೊದಲು ವೀಸಾ, ಆಮೇಲೆ ಟಿಕೆಟ್, ಕಡೆಗೆ ಪ್ರಯಾಣ. ಇದು ನಾವು ಬಲ್ಲ ಕ್ರಮ. ಆದರೆ ಪ್ರಾಣಭಯದಿಂದ ಓಡಿಬಂದವನಿಗೆ ಈ ಕ್ರಮ ಒಗ್ಗುವುದಿಲ್ಲ. ಅವನು ಮೊದಲು ಬಂದು ಸೇರುತ್ತಾನೆ, ಆಮೇಲೆ ಆಶ್ರಯ ಬೇಡುತ್ತಾನೆ. ಹಾಗೆ ಬಂದವನು ಅಲ್ಲಿಯೇ ಇದ್ದುಕೊಂಡು, ಉದ್ಯೋಗದ ಅಥವಾ ಕುಟುಂಬದ ಆಧಾರದಿಂದ ನೆಲೆಸಲು ಅನುಮತಿ ಕೇಳಬಹುದೇ? ಅಮೆರಿಕದ ಕಾಯಿದೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ವೀಸಾ ಎಂಬುದು ಬಾಗಿಲು ದಾಟಲು ಕೊಡುವ ಚೀಟಿ. ಅದನ್ನು ಕೊಡುವುದು ಹೊರದೇಶದಲ್ಲಿರುವ ರಾಯಭಾರ ಕಚೇರಿ. ಒಳಗೆ ಬಂದ ಮೇಲೆ ಬೇಕಾಗುವುದು ವಾಸದ ಅನುಮತಿ. ಆದುದರಿಂದ ಕಟ್ಟುನಿಟ್ಟಾಗಿ ಹೇಳುವುದಾದರೆ ಅಮೆರಿಕದೊಳಗೆ ಯಾರಿಗೂ ವಲಸೆ ವೀಸಾ ದೊರೆಯುವುದಿಲ್ಲ. ಆದರೆ 1952ರ ವಲಸೆ ಕಾಯಿದೆಯ 245ನೆಯ ವಿಧಿಯಂತೆ, ಒಳಗಿರುವ ಕೆಲವರು ದೇಶ ಬಿಡದೆ ಖಾಯಂ ವಾಸಿಗಳಾಗಬಹುದು. ಜನರು 'ಗ್ರೀನ್ ಕಾರ್ಡ್' ಎನ್ನುವುದು ಇದನ್ನೇ. ಆಶ್ರಯದ ಅರ್ಜಿ ಹಾಕಿದ್ದಾನೆ ಎಂಬ ಮಾತ್ರಕ್ಕೆ ಈ ದಾರಿ ಮುಚ್ಚಿಹೋಗುವುದಿಲ್ಲ. ಎರಡು ಅರ್ಜಿಗಳೂ ಒಟ್ಟಿಗೆ ನಡೆಯಬಹುದು.

ತೊಡಕಿರುವುದು ಬೇರೆ ಕಡೆ. ಒಬ್ಬ ಯುವಕ ವಿದ್ಯಾರ್ಥಿ ವೀಸಾದಲ್ಲಿ ಅಮೆರಿಕಕ್ಕೆ ಹೋದನೆಂದು ಇಟ್ಟುಕೊಳ್ಳಿ. ಅವನ ದೇಶದಲ್ಲಿ ದಂಗೆಯೆದ್ದಿತು. ಹಣ ಬರುವುದು ನಿಂತು ಕಾಲೇಜು ಬಿಟ್ಟ. ಒಂದು ವರ್ಷದೊಳಗೆ ಕೊಡಬೇಕಾದ ಆಶ್ರಯದ ಅರ್ಜಿಯನ್ನು ಸಕಾಲದಲ್ಲಿ ಕೊಟ್ಟ. ಎರಡು ವರ್ಷ ಕಳೆದರೂ ತೀರ್ಪು ಬರಲಿಲ್ಲ. ಅಷ್ಟರಲ್ಲಿ ಒಂದು ಕಂಪೆನಿ ಅವನಿಗೆ ಖಾಯಂ ಕೆಲಸ ಕೊಡಲು ಮುಂದೆ ಬಂತು. ಅವನು 245ನೆಯ ವಿಧಿಯಂತೆ ಅರ್ಜಿ ಹಾಕಬಹುದೇ? ಸಾಮಾನ್ಯವಾಗಿ ಇಲ್ಲ. ಉದ್ಯೋಗದ ಆಧಾರದಲ್ಲಿ ಕೇಳುವವನು ಅಲ್ಲಿಯವರೆಗೆ ಕಾನೂನುಬದ್ಧ ವಾಸಿಯಾಗಿರಬೇಕು. 180 ದಿನಗಳವರೆಗಿನ ಲೋಪವನ್ನು ಮಾತ್ರ ಮನ್ನಿಸುತ್ತಾರೆ. ಆಶ್ರಯದ ಅರ್ಜಿ ಬಾಕಿಯಿರುವಾಗ ಅವನು ಅಲ್ಲಿ ಉಳಿಯಬಹುದು, ಅಪ್ಪಣೆ ಪಡೆದು ದುಡಿಯಲೂಬಹುದು. ಆದರೂ ಅದು ಕಾನೂನುಬದ್ಧ ವಾಸವೆಂದು ಲೆಕ್ಕಕ್ಕೆ ಬಾರದು! ಉಳಿಯಬಹುದು, ಆದರೆ ವಾಸಿಯಲ್ಲ ಎಂಬ ಈ ಮಾತು ನನಗೂ ಮೊದಲ ಓದಿಗೆ ಅರ್ಥವಾಗಿರಲಿಲ್ಲ.

ಅದೇ ಯುವಕ ಅಮೆರಿಕದ ಪ್ರಜೆಯನ್ನು ಮದುವೆಯಾದರೆ ಲೆಕ್ಕ ಬದಲಾಗುತ್ತದೆ. ಬರುವಾಗ ಅಧಿಕಾರಿಗಳ ತಪಾಸಣೆಗೆ ಒಳಗಾಗಿ ಬಂದವನಾದ್ದರಿಂದ, ಅವಧಿ ಮೀರಿದ ತಪ್ಪನ್ನು ಬದಿಗಿಡುತ್ತಾರೆ. ತಪಾಸಣೆ ಇಲ್ಲದೆ ಗಡಿ ದಾಟಿ ಬಂದವನಿಗೆ ಈ ಸೌಲಭ್ಯವೂ ಸಾಮಾನ್ಯವಾಗಿ ಇಲ್ಲ.

"ಹಾಗಾದರೆ ಸ್ವದೇಶಕ್ಕೆ ಹೋಗಿ ವೀಸಾ ತರಲಿ" ಎನ್ನಬಹುದು. ಕಷ್ಟವೆಲ್ಲ ಇರುವುದು ಅಲ್ಲೇ. ಯಾವ ಊರಿಗೆ ಹೋದರೆ ಜೀವಕ್ಕೆ ಅಪಾಯವೆಂದು ಅರ್ಜಿಯಲ್ಲಿ ಬರೆದಿದ್ದಾನೋ ಆ ಊರಿಗೇ ಹೋದರೆ, ಬಲವಾದ ಕಾರಣ ತೋರಿಸದ ಹೊರತು, ಆಶ್ರಯದ ಅರ್ಜಿಯನ್ನು ಕೈಬಿಟ್ಟನೆಂದೇ ತಿಳಿಯುತ್ತಾರೆ. ಇನ್ನೊಂದು ಬೇಲಿ 1996ರ ಕಾಯಿದೆಯದು. ಅನುಮತಿಯಿಲ್ಲದೆ 180 ದಿನಗಳಿಗಿಂತ ಹೆಚ್ಚು ಇದ್ದು ಹೊರಟವನು 3 ವರ್ಷ, ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಇದ್ದು ಹೊರಟವನು 10 ವರ್ಷ ಮರಳಿ ಬರುವಂತಿಲ್ಲ. ಪ್ರಾಮಾಣಿಕವಾದ ಆಶ್ರಯದ ಅರ್ಜಿ ಬಾಕಿಯಿದ್ದ ದಿನಗಳನ್ನು, ಅಪ್ಪಣೆಯಿಲ್ಲದೆ ದುಡಿಯದಿದ್ದರೆ, ಇದರಲ್ಲಿ ಎಣಿಸುವುದಿಲ್ಲ. ಅರ್ಜಿಗೆ ಮುಂಚಿನ ದಿನಗಳನ್ನೂ ತಿರಸ್ಕಾರದ ನಂತರದ ದಿನಗಳನ್ನೂ ಎಣಿಸುತ್ತಾರೆ.

ಆಶ್ರಯವೇ ಮಂಜೂರಾದರೆ ಮಾತ್ರ ದಾರಿ ಸುಗಮ. ಒಂದು ವರ್ಷ ಅಲ್ಲಿ ವಾಸವಿದ್ದ ಮೇಲೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಯಾವ ದಾರಿಯಿಂದ ಒಳಗೆ ಬಂದನೆಂಬುದು ಆಗ ಅಡ್ಡಿಯಾಗದು.

ಎಲ್ಲ ದೇಶಗಳೂ ಹೀಗೆಯೇ ಇರಬೇಕೆಂದಿಲ್ಲ. ಸ್ವೀಡನ್ 2008ರ ಕಾಯಿದೆಯಲ್ಲಿ ಬೇರೊಂದು ಏರ್ಪಾಡು ಮಾಡಿತ್ತು. ಆಶ್ರಯದ ಅರ್ಜಿ ತಿರಸ್ಕೃತವಾದವನು, ಅಷ್ಟರಲ್ಲಿ ಕೆಲಸಕ್ಕೆ ಸೇರಿ ಕೆಲವು ತಿಂಗಳು ದುಡಿದಿದ್ದರೆ, ಕೊನೆಯ ತೀರ್ಪಿನಿಂದ ಎರಡು ವಾರದೊಳಗೆ ಅಲ್ಲಿಂದಲೇ ಕೆಲಸದ ಪರವಾನಿಗೆ ಕೇಳಬಹುದಿತ್ತು. ರೈಲು ಹಳಿ ಬದಲಿಸಿದಂತೆ ಎಂದು ಅವರು ಅದಕ್ಕೆ 'ಹಳಿ ಬದಲಾವಣೆ' ಎಂದೇ ಹೆಸರಿಟ್ಟಿದ್ದರು. 2025ರ ಏಪ್ರಿಲ್ 1ರಂದು ಆ ಏರ್ಪಾಡನ್ನು ರದ್ದುಪಡಿಸಿದರು. ಅಂದಿನಿಂದ, ಅರ್ಜಿ ತಿರಸ್ಕೃತವಾದವನು ಕೆಲಸ ಕೈಯಲ್ಲಿದ್ದರೂ ಮೊದಲು ದೇಶ ಬಿಟ್ಟು ಹೊರಟು, ಹೊರಗಿನಿಂದಲೇ ಪರವಾನಿಗೆ ಕೇಳಬೇಕಾಯಿತು.