ಹದಿನೆಂಟು ತುಂಬಿತು, ಪಟ್ಟಿಯಲ್ಲಿ ಹೆಸರಿದೆಯೇ?

ಬೆಂಗಳೂರಿನ ವಿಜಯನಗರದ ಒಂದೇ ಬೀದಿಯ ಇಬ್ಬರು ಗೆಳತಿಯರು ಎಂದುಕೊಳ್ಳಿ. ಒಬ್ಬಳು ಹುಟ್ಟಿದ್ದು 2005ರ ಏಪ್ರಿಲ್ 1ರಂದು, ಇನ್ನೊಬ್ಬಳು ಮಾರನೆಯ ದಿನ. 2023ರ ಮೇ 10ರಂದು ವಿಧಾನಸಭೆಗೆ ಮತದಾನ ನಡೆದಾಗ ಇಬ್ಬರಿಗೂ ಹದಿನೆಂಟು ತುಂಬಿತ್ತು. ಆದರೂ ಮತ ಹಾಕುವ ಅರ್ಹತೆ ಇದ್ದದ್ದು ಮೊದಲನೆಯವಳಿಗೆ ಮಾತ್ರ. ಆ ಚುನಾವಣೆಗೆ ವಯಸ್ಸು ಲೆಕ್ಕ ಹಾಕಿದ್ದು ಏಪ್ರಿಲ್ 1ಕ್ಕೆ. ಕಾನೂನು ಕೇಳುವುದು ಮತದಾನದ ದಿನದ ವಯಸ್ಸನ್ನಲ್ಲ, ‘ಅರ್ಹತಾ ದಿನಾಂಕ’ದ ವಯಸ್ಸನ್ನು. ಇದು ಗೊತ್ತಿಲ್ಲದೆ ಮೊದಲ ಮತ ಕಳೆದುಕೊಳ್ಳುವ ಮಕ್ಕಳು ಪ್ರತಿ ಚುನಾವಣೆಯಲ್ಲೂ ಇರುತ್ತಾರೆ.

ಇಪ್ಪತ್ತೊಂದರಿಂದ ಹದಿನೆಂಟಕ್ಕೆ

ಸಂವಿಧಾನದ 326ನೇ ವಿಧಿ ಮೊದಲು ಮತದಾನಕ್ಕೆ 21 ವರ್ಷ ಎಂದಿತ್ತು. ಅದನ್ನು 18ಕ್ಕೆ ಇಳಿಸಿದ್ದು 61ನೇ ತಿದ್ದುಪಡಿ. ಜಾರಿಗೆ ಬಂದದ್ದು 1989ರ ಮಾರ್ಚ್ 28ರಂದು. ಕರ್ನಾಟಕ ಈ ದಾರಿಯಲ್ಲಿ ಮೊದಲೇ ಹೆಜ್ಜೆ ಇಟ್ಟಿತ್ತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ನಜೀರ್ ಸಾಬ್ ಪಂಚಾಯತ್ ರಾಜ್ ಸಚಿವರಾಗಿದ್ದ ಕಾಲದಲ್ಲಿ, 1983ರ ಕಾಯ್ದೆಯಡಿ 1987ರಲ್ಲಿ ನಡೆದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ ಚುನಾವಣೆಗಳಲ್ಲಿ ಹದಿನೆಂಟರವರು ಮತ ಹಾಕಿದ್ದರು. ಹಳ್ಳಿಯಲ್ಲಿ ಸಿಕ್ಕ ಹಕ್ಕು ದಿಲ್ಲಿಗೆ ತಲುಪಲು ಎರಡು ವರ್ಷ ಹಿಡಿಯಿತು.

ಈಗ ಹದಿನಾರಕ್ಕೆ ಇಳಿಸಬೇಕೆಂಬ ಮಾತಿದೆ. ಆಸ್ಟ್ರಿಯಾ 2007ರಲ್ಲೇ ಹಾಗೆ ಮಾಡಿದೆ. ಬ್ರೆಜಿಲ್‌ನಲ್ಲಿ ಹದಿನಾರು, ಹದಿನೇಳರವರು ಇಷ್ಟವಿದ್ದರೆ ಮತ ಹಾಕಬಹುದು. ನಮ್ಮಲ್ಲಿ ಲೋಕಸಭೆ, ವಿಧಾನಸಭೆಗಳ ಮಟ್ಟಿಗೆ ಇದು ಆಗಬೇಕಾದರೆ ಸಂವಿಧಾನವನ್ನೇ ತಿದ್ದಬೇಕು. ಚುನಾವಣಾ ಆಯೋಗಕ್ಕಾಗಲಿ ರಾಜ್ಯ ಸರ್ಕಾರಕ್ಕಾಗಲಿ ಆ ಅಧಿಕಾರವಿಲ್ಲ. ಕರಾರಿಗೆ ಸಹಿ ಹಾಕುವ ವಯಸ್ಸೂ ಹದಿನೆಂಟೇ ಆಗಿರುವಾಗ ಮತಕ್ಕೂ ಅದೇ ಇರುವುದು ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ಹದಿನೆಂಟಕ್ಕೆ ಎಂದು ಬರೆದದ್ದು ಹದಿನೆಂಟಕ್ಕೇ ಕೈಗೆ ಸಿಗಬೇಕು. ನಮ್ಮ ಊರನ್ನೇ ನೋಡಿ. ಬಿಬಿಎಂಪಿಗೆ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2016ರಲ್ಲಿ ಹದಿನೆಂಟು ತುಂಬಿದ ರಾಜಾಜಿನಗರದ ಹುಡುಗ, 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಾಗ 27ರ ಯುವಕ. ಅಷ್ಟು ವರ್ಷ ಒಬ್ಬ ಕಾರ್ಪೊರೇಟರ್‌ಗೂ ಅವನು ಮತ ಹಾಕಿರಲಿಲ್ಲ.

ವರ್ಷಕ್ಕೆ ನಾಲ್ಕು ಬಾಗಿಲು

ಹಿಂದೆ ಜನವರಿ 1 ಒಂದೇ ಅರ್ಹತಾ ದಿನಾಂಕ. ಜನವರಿ 2ರಂದು ಹುಟ್ಟಿದವರು ವರ್ಷವಿಡೀ ಕಾಯಬೇಕಿತ್ತು. ಚುನಾವಣಾ ಕಾನೂನಿಗೆ 2021ರಲ್ಲಿ ತಂದ ತಿದ್ದುಪಡಿಯ ನಂತರ, 2022ರ ಆಗಸ್ಟ್‌ನಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಎಂದು ನಾಲ್ಕು ದಿನಾಂಕಗಳಿವೆ. ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು; ಹದಿನೆಂಟು ತುಂಬಿದ ಮೇಲೆ ಬರುವ ಅರ್ಹತಾ ದಿನಾಂಕಕ್ಕೆ ಹೆಸರು ಸೇರುತ್ತದೆ. ಪಿಯುಸಿ ಓದುವಾಗಲೇ ಮುಗಿಸಬಹುದಾದ ಕೆಲಸ ಇದು.

ಅರ್ಜಿ ಹೀಗೆ

1. ಹೊಸ ಹೆಸರಿಗೆ ನಮೂನೆ 6. ಚುನಾವಣಾ ಆಯೋಗದ ಜಾಲತಾಣ, ಆ್ಯಪ್ ಅಥವಾ ನಿಮ್ಮ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಮೂಲಕ ಸಲ್ಲಿಸಿ. ಶುಲ್ಕವಿಲ್ಲ. ಮಾಹಿತಿಗೆ 1950ಕ್ಕೆ ಕರೆ ಮಾಡಿ.

2. ಒಂದು ಫೋಟೊ, ವಯಸ್ಸಿಗೆ ಒಂದು ದಾಖಲೆ, ವಿಳಾಸಕ್ಕೆ ಒಂದು ದಾಖಲೆ ಬೇಕು. ಜನನ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ವಯಸ್ಸಿಗೆ ಸಾಕು. ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಯಾವುದನ್ನು ಬಳಸುತ್ತೀರೆಂದು ಮೊದಲೇ ತೀರ್ಮಾನಿಸಿ.

3. ವಿಳಾಸ ಪೂರ್ತಿ ಬರೆಯಿರಿ. ‘5ನೇ ಕ್ರಾಸ್, 2ನೇ ಮೇನ್’ ಎಂದಷ್ಟೇ ಬರೆದರೆ ಬಿಎಲ್‌ಒ ಯಾವ ಬಡಾವಣೆಯಲ್ಲಿ ಹುಡುಕಬೇಕು? ಬ್ಲಾಕ್ ಅಥವಾ ಸ್ಟೇಜ್, ಪಿನ್‌ಕೋಡ್ ಇರಲೇಬೇಕು: ರಾಜಾಜಿನಗರ 560010, ವಿಜಯನಗರ 560040, ಬಸವೇಶ್ವರನಗರ 560079, ಕೆಂಗೇರಿ 560060.

4. ಕ್ಷೇತ್ರ ಸರಿಯಾಗಿ ಆರಿಸಿ. ಕೆಂಗೇರಿ ಸೇರುವುದು ಯಶವಂತಪುರ ವಿಧಾನಸಭಾ ಕ್ಷೇತ್ರಕ್ಕೆ, ಅಲ್ಲಿಂದ ಬೆಂಗಳೂರು ಉತ್ತರ ಲೋಕಸಭೆಗೆ. ವಿಜಯನಗರ ಬೆಂಗಳೂರು ದಕ್ಷಿಣಕ್ಕೆ, ರಾಜಾಜಿನಗರ ಬೆಂಗಳೂರು ಕೇಂದ್ರಕ್ಕೆ.

5. ಅರ್ಜಿಯ ಉಲ್ಲೇಖ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಕೆಂಗೇರಿ ಸುತ್ತಲಿನ ಹಾಸ್ಟೆಲ್, ಪಿಜಿಗಳಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಊರಿನ ಪಟ್ಟಿಯಲ್ಲಾದರೂ ಇರಿ, ಇಲ್ಲಿಯಾದರೂ ಇರಿ. ಎರಡೂ ಕಡೆ ಇರುವಂತಿಲ್ಲ. ಸುಳ್ಳು ಘೋಷಣೆ ಕೊಟ್ಟರೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡೂ. ಮನೆ ಬದಲಿಸಿದವರಿಗೆ, ತಪ್ಪು ತಿದ್ದಿಸಬೇಕಾದವರಿಗೆ ನಮೂನೆ 8 ಇದೆ.

ಅರ್ಜಿ ತಿರಸ್ಕಾರವಾದರೆ

ನೋಂದಣಾಧಿಕಾರಿಯ ಆದೇಶದ ವಿರುದ್ಧ 15 ದಿನದೊಳಗೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಹೀಗಾಗಿ ತಿರಸ್ಕಾರದ ಕಾರಣವನ್ನು ಬರಹದಲ್ಲೇ ಕೇಳಿ ಪಡೆಯಿರಿ; ಬಾಯಿಮಾತಿನ ‘ಆಗಲ್ಲ’ದ ಮೇಲೆ ಮೇಲ್ಮನವಿ ನಿಲ್ಲುವುದಿಲ್ಲ.

ಮರೆಯಬಾರದ ಗಡುವು

ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ನಂತರ ಪಟ್ಟಿಗೆ ಹೊಸ ಹೆಸರು ಸೇರಿಸುವಂತಿಲ್ಲ. ಆಕ್ಷೇಪಣೆಗೆಂದು ಏಳು ದಿನ ಬಿಡಬೇಕಾಗುವುದರಿಂದ ಅರ್ಜಿ ಅದಕ್ಕೂ ಹತ್ತು ದಿನ ಮೊದಲೇ ತಲುಪಬೇಕು. 2023ರಲ್ಲಿ ನಾಮಪತ್ರದ ಕೊನೆಯ ದಿನ ಏಪ್ರಿಲ್ 20. ಪ್ರಚಾರದ ಆಟೊ ಮನೆ ಮುಂದೆ ಬಂದಾಗ ನೆನಪಾದವರಿಗೆ ಆಗಲೇ ತಡವಾಗಿತ್ತು.

ವೋಟರ್ ಐಡಿ ಕಾರ್ಡ್ ಬಂದಿಲ್ಲವೆಂದು ಹಿಂಜರಿಯಬೇಡಿ. ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್, ಪಾನ್, ಪಾಸ್‌ಪೋರ್ಟ್ ಅಥವಾ ಡ್ರೈವಿಂಗ್ ಲೈಸೆನ್ಸ್ ತೋರಿಸಿ ಮತ ಹಾಕಬಹುದು. ಕಾರ್ಡ್ ಕೈಯಲ್ಲಿದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಹಾಕಲಾಗದು. ನಿಮ್ಮ ಮನೆಯಲ್ಲಿ ಹದಿನೇಳು ತುಂಬಿದವರಿದ್ದರೆ ಈ ವಾರವೇ ಕೂರಿಸಿಕೊಂಡು ನಮೂನೆ 6 ತುಂಬಿಸಿ.