ಕಳ್ಳಗಾಳಿ ಹಿಡಿಯುವ ಒಂಬತ್ತು ಸೂತ್ರಗಳು

ಚೆಕ್ ಎಂಜಿನ್ ದೀಪ ಹತ್ತಿತು. ಸ್ಕ್ಯಾನರ್ ಹಾಕಿದರೆ ಪಿ0171 ಬಂತು. ಆಕ್ಸಿಜನ್ ಸೆನ್ಸರ್ ಬದಲಿಸಿದರು. ವಾರದಲ್ಲಿ ದೀಪ ಮತ್ತೆ ಹತ್ತಿತು. ಈ ಕಥೆ ಹೇಳಿಕೊಂಡು ಗ್ಯಾರೇಜಿಗೆ ಬರುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ಗಾಳಿ ಹೆಚ್ಚಾಗಿದೆ, ಇಲ್ಲವೇ ಪೆಟ್ರೋಲ್ ಸಾಲುತ್ತಿಲ್ಲ ಎಂದಷ್ಟೇ ಆ ಕೋಡ್ ಹೇಳುತ್ತದೆ. ಗ್ಯಾರೇಜಿನ ಮಾತಲ್ಲಿ ಇದೇ 'ಲೀನ್'. ಎಲ್ಲಿ, ಏಕೆ ಎಂದು ಹುಡುಕುವುದು ಬಾನೆಟ್ ಎತ್ತಿದವರ ಕೆಲಸ.

1. ಕೋಡ್ ಅಳಿಸಲು ಅವಸರ ಬೇಡ. ಕೋಡ್ ದಾಖಲಾದ ಕ್ಷಣದ ಆರ್‌ಪಿಎಂ, ಲೋಡ್, ಕೂಲೆಂಟ್ ಬಿಸಿ ಎಲ್ಲವನ್ನೂ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು 'ಫ್ರೀಜ್ ಫ್ರೇಮ್' ಹೆಸರಲ್ಲಿ ಎತ್ತಿಟ್ಟಿರುತ್ತದೆ. ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಳ್ಳಿ. ಅಳಿಸಿದರೆ ಅದೂ ಹೋಗುತ್ತದೆ, ಇಸಿಯು ಕಲಿತಿಟ್ಟ ಟ್ರಿಮ್ ಕೂಡ (ಅದೇನೆಂದು ಮುಂದೆ ಹೇಳುತ್ತೇನೆ) ಹೆಚ್ಚಿನ ಕಾರುಗಳಲ್ಲಿ ಹೋಗುತ್ತದೆ.

2. ಫ್ಯೂಯಲ್ ಟ್ರಿಮ್ ಓದಲು ಕಲಿಯಿರಿ. ಒಂಬತ್ತರಲ್ಲಿ ಒಂದನ್ನೇ ಕಲಿಯುವುದಾದರೆ ಇದನ್ನು ಕಲಿಯಿರಿ. ಟ್ರಿಮ್ ಎಂದರೆ ಇಸಿಯು ತನ್ನ ಲೆಕ್ಕದ ಮೇಲೆ ಶೇಕಡಾ ಎಷ್ಟು ಪೆಟ್ರೋಲ್ ಸೇರಿಸುತ್ತಿದೆ ಅಥವಾ ಕಡಿಮೆ ಮಾಡುತ್ತಿದೆ ಎಂಬ ಅಂಕಿ. ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಎರಡನ್ನೂ ಕೂಡಿಸಿ ನೋಡಿ. ಪ್ಲಸ್ 5, ಮೈನಸ್ 5ರ ಒಳಗಿದ್ದರೆ ಎಂಜಿನ್ ನೆಮ್ಮದಿಯಾಗಿದೆ. ಪ್ಲಸ್ 10 ದಾಟಿದರೆ ಹುಡುಕಾಟ ಶುರು ಮಾಡಿ. ಪ್ಲಸ್ 20-25ರ ಆಸುಪಾಸಿನಲ್ಲಿ ಹೆಚ್ಚಿನ ಕಾರುಗಳು ದೀಪ ಹತ್ತಿಸುತ್ತವೆ.

ಮೊದಲು ಐಡ್ಲಿಂಗ್‌ನಲ್ಲಿ ನೋಡಿ. ಆಮೇಲೆ ರೇಸ್ ಕೊಟ್ಟು 2,500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿಯಿರಿ. ಐಡ್ಲಿಂಗ್‌ನಲ್ಲಿ ಪ್ಲಸ್ 23 ಇದ್ದದ್ದು ರೇಸ್ ಕೊಟ್ಟಾಗ ಪ್ಲಸ್ 3ಕ್ಕೆ ಇಳಿದರೆ ಗಾಳಿ ಎಲ್ಲಿಂದಲೋ ಕದ್ದು ಒಳಗೆ ಹೋಗುತ್ತಿದೆ. ಐಡ್ಲಿಂಗ್‌ನಲ್ಲಿ ಥ್ರಾಟಲ್ ಮುಚ್ಚಿಕೊಂಡಿರುತ್ತದೆ, ಇನ್‌ಟೇಕ್ ಮ್ಯಾನಿಫೋಲ್ಡ್ ಜೋರಾಗಿ ಹೀರುತ್ತಿರುತ್ತದೆ, ಎಂಜಿನ್ ಕುಡಿಯುವ ಗಾಳಿಯೇ ಕಡಿಮೆ. ಹಾಗಾಗಿ ಸಣ್ಣ ತೂತಿನ ಪಾಲೂ ದೊಡ್ಡದಾಗುತ್ತದೆ. ಥ್ರಾಟಲ್ ತೆರೆದರೆ ಅದೇ ತೂತು ಲೆಕ್ಕಕ್ಕೇ ಬರುವುದಿಲ್ಲ. ಇದಕ್ಕೆ ತಿರುಗುಮುರುಗಾಗಿ, ಐಡ್ಲಿಂಗ್‌ನಲ್ಲಿ ಸರಿಯಿದ್ದು ಘಾಟಿ ಹತ್ತುವಾಗ ಟ್ರಿಮ್ ಏರಿದರೆ ಪೆಟ್ರೋಲ್ ಪಂಪ್, ಫಿಲ್ಟರ್ ಅಥವಾ ಕೊಳೆಯಾದ ಏರ್ ಫ್ಲೋ ಸೆನ್ಸರ್ ಕಡೆ ತಿರುಗಿ.

3. ನಿಮ್ಮ ಕಾರು ಗಾಳಿಯನ್ನು ಹೇಗೆ ಅಳೆಯುತ್ತದೆ ಎಂದು ತಿಳಿದುಕೊಳ್ಳಿ. ಮೇಲಿನ ಲೆಕ್ಕ ಮ್ಯಾಫ್ ಸೆನ್ಸರ್, ಅಂದರೆ ಏರ್ ಫ್ಲೋ ಸೆನ್ಸರ್, ಇರುವ ಕಾರುಗಳಿಗೆ ಚೆನ್ನಾಗಿ ಹೊಂದುತ್ತದೆ. ಮ್ಯಾಪ್ ಸೆನ್ಸರ್ ಮ್ಯಾನಿಫೋಲ್ಡ್ ಒಳಗಿನ ಒತ್ತಡವನ್ನೇ ಅಳೆಯುವುದರಿಂದ ಕದ್ದು ಬಂದ ಗಾಳಿಯೂ ಅದರ ಲೆಕ್ಕಕ್ಕೆ ಸಿಗುತ್ತದೆ. ಅಂಥ ಕಾರಿನಲ್ಲಿ ಲೀನ್ ಕೋಡ್ ಬಾರದೆ ಐಡ್ಲಿಂಗ್ ಮಾತ್ರ ಏರಿ ಕುಳಿತಿರಬಹುದು. ಸ್ಕ್ಯಾನರ್ ಸುಮ್ಮನಿದೆ ಎಂದು ಲೀಕ್ ಇಲ್ಲ ಅಂದುಕೊಳ್ಳಬೇಡಿ.

4. ಬೆಳಿಗ್ಗೆ ಕಾರು ತಣ್ಣಗಿರುವಾಗಲೇ ಪರೀಕ್ಷೆ ಮಾಡಿ. ಇನ್‌ಟೇಕ್ ಗ್ಯಾಸ್ಕೆಟ್, ಓ-ರಿಂಗ್ ಗಟ್ಟಿಯಾಗಿದ್ದರೆ ತಣ್ಣಗಿರುವಾಗ ಸಂದು ಬಿಡುತ್ತವೆ, ಬಿಸಿಯೇರಿದಂತೆ ಹಿಗ್ಗಿ ಮುಚ್ಚಿಕೊಳ್ಳುತ್ತವೆ. ಹತ್ತು ಕಿಲೋಮೀಟರ್ ಓಡಿಸಿಕೊಂಡು ತಂದ ಕಾರಿನಲ್ಲಿ ಇಂಥ ಲೀಕ್ ಸಿಗುವುದು ಕಷ್ಟ. ಹಿಂದಿನ ರಾತ್ರಿಯೇ ಬಿಟ್ಟು ಹೋಗಿ ಎನ್ನುವ ಮೆಕ್ಯಾನಿಕ್ ಕೆಲಸ ಬಲ್ಲವನು.

5. ಪೈಪನ್ನು ಕಣ್ಣಿಂದಷ್ಟೇ ನೋಡಬೇಡಿ, ಮಡಚಿ ನೋಡಿ. ಕಳೆದ ವರ್ಷ ಒಬ್ಬ ಮೇಷ್ಟ್ರು ಕಾರು ತಂದಿದ್ದರು. ಬೇರೆ ಕಡೆ ಎರಡು ಸಲ ಸೆನ್ಸರ್ ಬದಲಿಸಿಕೊಂಡಿದ್ದರು. ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ನಡುಗುತ್ತಿತ್ತು. ಮೇಲೆ ಹೇಳಿದ 23, 3 ಅವರ ಕಾರಿನವೇ ಅಂಕಿಗಳು. ಇಕ್ಕಳಕ್ಕೆ ಬಟ್ಟೆ ಸುತ್ತಿ, ಎಂಜಿನ್ ಓಡುತ್ತಿರುವಾಗಲೇ ಪೈಪುಗಳನ್ನು ಒಂದೊಂದಾಗಿ ಅದುಮುತ್ತಾ ಬಂದೆ. ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಒಯ್ಯುವ ಪಿಸಿವಿ ಪೈಪನ್ನು ಅದುಮಿದಾಗ ನಡುಕ ನಿಂತಿತು. ಸ್ಕ್ಯಾನರ್‌ನಲ್ಲಿ ಶಾರ್ಟ್ ಟರ್ಮ್ ಅಂಕಿ ಸರಸರನೆ ಇಳಿಯಿತು. ಬಿಚ್ಚಿ ನೋಡಿದರೆ ಪೈಪಿನ ಮೇಲ್ಭಾಗ ಹೊಸದರಂತೆ ಹೊಳೆಯುತ್ತಿದೆ. ಮೊಣಕೈಯಂತೆ ಬಾಗಿದ ಕಡೆ, ಕೆಳಮಗ್ಗುಲಲ್ಲಿ, ಎಣ್ಣೆ ಕುಡಿದು ಮೆತ್ತಗಾದ ರಬ್ಬರು ಉಗುರಿನಷ್ಟು ಉದ್ದ ಸೀಳಿತ್ತು. ಮಡಚಿದಾಗ ಮಾತ್ರ ಬಾಯಿ ಬಿಡುತ್ತಿತ್ತು. ಹೊಸ ಪೈಪಿಗೆ ಇನ್ನೂರು ರೂಪಾಯಿಯೂ ಆಗಲಿಲ್ಲ.

ಪಿಸಿವಿ ಆದಮೇಲೆ ಏರ್ ಫ್ಲೋ ಸೆನ್ಸರ್‌ನಿಂದ ಥ್ರಾಟಲ್ ಬಾಡಿವರೆಗಿನ ಸುಕ್ಕು ಪೈಪು, ಇನ್‌ಟೇಕ್ ಗ್ಯಾಸ್ಕೆಟ್, ಇಂಜೆಕ್ಟರ್ ಓ-ರಿಂಗ್ ನೋಡಿ. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇನ್‌ಟೇಕ್‌ಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ನಿಂತಿದ್ದರೂ ಇದೇ ಕಾಟ. ಪೆಟ್ರೋಲ್ ಹಾಕಿಸಿದ ಕೂಡಲೇ ಸ್ಟಾರ್ಟ್ ಆಗಲು ಸತಾಯಿಸುವ ಕಾರಿನಲ್ಲಿ ಮೊದಲು ಅದನ್ನೇ ನೋಡಿ. ಇಲಿ ಕಡಿದ ಗುರುತೂ ಇರಬಹುದು.

6. ಮ್ಯಾನಿಫೋಲ್ಡ್‌ಗೇ ಸೇರುವ ಬ್ರೇಕ್ ಬೂಸ್ಟರ್ ಪೈಪನ್ನು ಮರೆಯಬೇಡಿ. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ತುಳಿದು, ತುಳಿದ ಕಾಲು ಹಾಗೇ ಇಟ್ಟು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದೆ ಕಲ್ಲಿನಂತೆ ನಿಂತರೆ ಆ ಕಾರನ್ನು ರಸ್ತೆಗೆ ಇಳಿಸಬೇಡಿ. ಇದರಲ್ಲಿ ನಾಳೆ ನೋಡೋಣ ಎನ್ನುವ ಮಾತೇ ಇಲ್ಲ.

7. ಬೆಂಕಿಯ ಜೊತೆ ಆಟ ಬೇಡ. ಓಡುವ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ, ಆರ್‌ಪಿಎಂ ಏರುಪೇರಾಗುವ ಜಾಗವೇ ಲೀಕ್ ಎಂದು ಹಿಡಿಯುವುದು ಹಳೇ ಪದ್ಧತಿ. ಸ್ಪ್ರೇ ಹತ್ತಿ ಉರಿಯುತ್ತದೆ, ಎಕ್ಸಾಸ್ಟ್ ಪಕ್ಕದಲ್ಲೇ ಕೆಂಡದಂತೆ ಕಾದಿರುತ್ತದೆ. ಸ್ಪ್ರೇ ಬಾಟಲಿಯಲ್ಲಿ ಬರೀ ನೀರು ತುಂಬಿ, ಕಾಯಿಲ್, ಕನೆಕ್ಟರ್‌ಗಳಿಗೆ ತಾಗದಂತೆ ಹೊಡೆದರೂ ದೊಡ್ಡ ಸಂದು ಸಿಗುತ್ತದೆ. ಊದುಬತ್ತಿ ಹೊಗೆ ಹಿಡಿಯುವ ಯೋಚನೆಯನ್ನೂ ಬಿಟ್ಟುಬಿಡಿ. ಸ್ಮೋಕ್ ಮಷೀನ್ ಇರುವ ಗ್ಯಾರೇಜ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಎಂಜಿನ್ ಆಫ್ ಮಾಡಿ ಕಡಿಮೆ ಒತ್ತಡದಲ್ಲಿ ಹೊಗೆ ತುಂಬಿದರೆ, ತೂತಿರುವ ಕಡೆಯಿಂದ ಎಳೆಯಂತೆ ಹೊರಗೆ ಬರುತ್ತದೆ. ಟಾರ್ಚ್ ಹಿಡಿದು ಕಾಯಬೇಕು, ಅಷ್ಟೇ.

8. ವ್ಯಾಕ್ಯೂಮ್ ಗೇಜ್ ಬಳಸುವವರು ಊರಿನ ಎತ್ತರ ನೆನಪಿಡಿ. ಸಮುದ್ರಮಟ್ಟದಲ್ಲಿ ಒಳ್ಳೆಯ ಎಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 22 ಇಂಚು ವ್ಯಾಕ್ಯೂಮ್ ತೋರಿಸುತ್ತದೆ. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಇಳಿಯುತ್ತದೆ. ಮಂಗಳೂರಿನಲ್ಲಿ 19 ತೋರಿಸಿದ ಕಾರು, ಸುಮಾರು 3,000 ಅಡಿ ಎತ್ತರದ ಬೆಂಗಳೂರಿನಲ್ಲಿ 16 ತೋರಿಸಿದರೆ ಗಾಬರಿ ಬೇಡ.

9. ಲೀಕ್ ಸಿಗದಿದ್ದರೆ ಎಕ್ಸಾಸ್ಟ್ ಕಡೆ ಕಿವಿ ಕೊಡಿ. ಮುಂದಿನ ಆಕ್ಸಿಜನ್ ಸೆನ್ಸರ್‌ಗಿಂತ ಮೊದಲೇ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದ್ದರೆ ಹೊರಗಿನ ಗಾಳಿ ಅಲ್ಲಿಂದ ಸೇರಿ ಸೆನ್ಸರನ್ನು ದಾರಿ ತಪ್ಪಿಸುತ್ತದೆ. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಟಿಕ್ ಟಿಕ್ ಎನ್ನುವುದು ಅದರ ಗುರುತು. ಒಂದು ಸಿಲಿಂಡರ್ ಮಿಸ್ ಹೊಡೆದರೂ ಬಳಕೆಯಾಗದ ಆಮ್ಲಜನಕ ಹೊರಬಿದ್ದು ಲೀನ್ ಎಂದೇ ತೋರಿಸಬಹುದು.

ರಿಪೇರಿ ಆದಮೇಲೆ ಕೋಡ್ ಅಳಿಸಿ, ಎರಡು ಮೂರು ದಿನ ಸಿಟಿಯಲ್ಲೂ ಹೈವೇಯಲ್ಲೂ ಓಡಿಸಿ, ತಣ್ಣಗಿನ ಎಂಜಿನ್‌ನಲ್ಲಿ ಟ್ರಿಮ್ ಮತ್ತೊಮ್ಮೆ ನೋಡಿ. ಮೇಷ್ಟ್ರು ನಾಲ್ಕನೇ ದಿನ ಬೆಳಿಗ್ಗೆ ಏಳಕ್ಕೇ ಬಂದಿದ್ದರು. ಐಡ್ಲಿಂಗ್‌ನಲ್ಲಿ ಪ್ಲಸ್ 2 ಇತ್ತು. ಸೀಳಿದ ಹಳೆಯ ಪೈಪನ್ನು ಅವರ ಕೈಗೆ ಕೊಟ್ಟೆ. ಮಡಚಿ ಮಡಚಿ ನೋಡುತ್ತಾ ತುಂಬಾ ಹೊತ್ತು ಬಾನೆಟ್ ಮುಂದೆಯೇ ನಿಂತಿದ್ದರು.