ಮಗಳು ಸೇವೆಗೆ ಹೊರಟಿದ್ದಾಳೆ, ಸಹಿ ಹಾಕಲೇ?

ಪ್ರಶ್ನೆ: ನಾವಿರುವುದು ಅಮೆರಿಕದ ಒಹಾಯೊದಲ್ಲಿ. ನನ್ನ ತವರು ಬಂಗಾರಪೇಟೆ. ಯಜಮಾನರು ಮಂಗಳೂರಿನವರು, ಅಲ್ಲಿನ ಸೇಂಟ್ ಅಲೋಶಿಯಸ್‌ನಲ್ಲಿ ಓದಿದವರು. ಓದು ಚೆನ್ನಾಗಿದೆ, ಶಿಸ್ತಿದೆ ಎಂದು ಮಗಳನ್ನು ಕ್ಯಾಥೊಲಿಕ್ ಹೈಸ್ಕೂಲಿಗೆ ಸೇರಿಸಿದೆವು. ಅವಳಿಗೀಗ ಹದಿನಾರು. ಬರುವ ಜೂನ್‌ನಲ್ಲಿ ಶಾಲೆಯವರು ‘ಸರ್ವಿಸ್ ಇಮ್ಮರ್ಶನ್’ ಎಂದು ಒಂದು ವಾರ ವೆಸ್ಟ್ ವರ್ಜೀನಿಯಾದ ಬೆಟ್ಟದೂರಿಗೆ ಕರೆದುಕೊಂಡು ಹೋಗುತ್ತಾರಂತೆ. ಬಡವರ ಮನೆ ರಿಪೇರಿ, ಬೆಳಿಗ್ಗೆ ಸಂಜೆ ಪ್ರಾರ್ಥನೆ, ಮಲಗುವುದು ಚರ್ಚಿನ ಹಾಲ್‌ನಲ್ಲಿ, ಫೋನ್ ಇಲ್ಲ. ಮಗಳು ಹೋಗಲೇಬೇಕು ಅನ್ನುತ್ತಾಳೆ. ‘ಹೋಗಲಿ ಬಿಡು, ಕಾಲೇಜ್ ಅಪ್ಲಿಕೇಶನ್‌ಗೆ ಒಳ್ಳೆಯದು’ ಎಂದು ಯಜಮಾನರು. ‘ಮತಾಂತರ ಮಾಡಿ ಕಳಿಸ್ತಾರೆ, ನೋಡ್ತಾ ಇರು’ ಎಂದು ಅತ್ತೆ ವಿಡಿಯೊ ಕಾಲ್‌ನಲ್ಲಿ ಹೆದರಿಸುತ್ತಾರೆ. ನಾವು ಶುದ್ಧ ಸಸ್ಯಾಹಾರಿಗಳು. ಮನೆಯಲ್ಲಿ ಉಂಡ ತಟ್ಟೆ ತೊಳೆಯದವಳು ಇನ್ಯಾರದೋ ಮನೆಗೆ ಬಣ್ಣ ಬಳಿಯಲು ಹೊರಟಿದ್ದಾಳೆ. ಸಹಿ ಹಾಕಲು ಕೈ ಬರುತ್ತಿಲ್ಲ.
– ಹೆಸರು ಬೇಡ, ಒಹಾಯೊ

ಉತ್ತರ: ಸಹಿ ಹಾಕಿ. ಆದರೆ ಇವತ್ತೇ ಬೇಡ. ಶಾಲೆಯವರನ್ನು ಕೇಳಬೇಕಾದ್ದು ಒಂದಿಷ್ಟಿದೆ, ಮಗಳಿಗೆ ಹೇಳಬೇಕಾದ್ದು ಅದಕ್ಕಿಂತ ಹೆಚ್ಚಿದೆ.

ಅತ್ತೆಯವರ ಭಯದಿಂದಲೇ ಶುರುಮಾಡೋಣ. ಅಮೆರಿಕದಲ್ಲಿ ‘ಮಿಷನ್ ಟ್ರಿಪ್’ ಅನ್ನುವುದೊಂದಿದೆ. ಕೆಲವು ಚರ್ಚುಗಳು ನಡೆಸುವ ಆ ಪ್ರವಾಸಗಳಲ್ಲಿ ಸುವಾರ್ತೆ ಸಾರುವುದೂ ಕೆಲಸದ ಭಾಗವೇ. ಕ್ಯಾಥೊಲಿಕ್ ಶಾಲೆಗಳ ಇಮ್ಮರ್ಶನ್ ಸಾಮಾನ್ಯವಾಗಿ ಬೇರೆ ಜಾಡಿನದು. 1973ರಲ್ಲಿ ಜೆಸ್ವಿಟರೆಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘದ ಅಂದಿನ ಮುಖ್ಯಸ್ಥ ಪೆದ್ರೊ ಅರುಪೆ, ಸ್ಪೇನಿನ ವೆಲೆನ್ಸಿಯಾದಲ್ಲಿ ತಮ್ಮ ಶಾಲೆಗಳ ಹಳೆಯ ವಿದ್ಯಾರ್ಥಿಗಳೆದುರು ನಿಂತು, ಓದಿದವರು ಇತರರಿಗಾಗಿ ಬದುಕುವವರಾಗಬೇಕು, ನಿಮ್ಮನ್ನು ನಾವು ಹಾಗೆ ಬೆಳೆಸಲಿಲ್ಲ ಎಂದು ಮುಖಕ್ಕೇ ಹೇಳಿದರು. ಅನೇಕರಿಗೆ ಸಿಟ್ಟು ಬಂತು. ಆದರೆ ಆ ಮಾತು ಶಾಲೆಗಳೊಳಗೆ ಇಳಿಯಿತು. ಈ ಪ್ರವಾಸಗಳ ಹಿಂದಿರುವುದು ಅದೇ ವಿಚಾರ: ಬದಲಾಗಬೇಕಾದವರು ಹೋಗುವ ಮಕ್ಕಳು, ಆ ಊರಿನವರಲ್ಲ. ಬದಲಾಗಬೇಕಾದ್ದು ಕಣ್ಣು, ಧರ್ಮವಲ್ಲ. ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ತಾನು ತಳ್ಳಿಹಾಕುವುದಿಲ್ಲ ಎಂದು ವ್ಯಾಟಿಕನ್ 1965ರಲ್ಲೇ ಹಿಂದೂ ಧರ್ಮದ ಹೆಸರು ಹಿಡಿದು ಬರೆದುಕೊಟ್ಟಿದೆ. ಇಷ್ಟಕ್ಕೂ ಅಲೋಶಿಯಸ್ ಕೂಡ 1880ರಲ್ಲಿ ಜೆಸ್ವಿಟರು ಕಟ್ಟಿದ್ದೇ. ಅತ್ತೆಯವರಿಗೆ ಅವರ ಮಗನನ್ನೇ ಸಾಕ್ಷಿ ನಿಲ್ಲಿಸಬಹುದು.

ಹಾಗೆಂದು ಪ್ರಾರ್ಥನೆ ಬರೀ ನೆಪ ಅಂದುಕೊಳ್ಳಬೇಡಿ. ರಾತ್ರಿ ಎಲ್ಲರೂ ಸುತ್ತ ಕೂತು ದಿನವನ್ನು ನೆನೆಯುವುದು ಈ ಪ್ರವಾಸದ ಜೀವಾಳ. ‘ಇವತ್ತು ದೇವರನ್ನು ಎಲ್ಲಿ ಕಂಡೆ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಿಮ್ಮ ಮಗಳು ಏನು ಹೇಳುತ್ತಾಳೆ? ಹದಿನಾರು ವರ್ಷ ಮನೆಯಲ್ಲಿ ದೀಪ ಹಚ್ಚಿದ್ದೀರಿ, ಹಬ್ಬ ಮಾಡಿದ್ದೀರಿ. ಯಾಕೆ ಎಂದು ಒಮ್ಮೆಯಾದರೂ ಕೂತು ಮಾತಾಡಿದ್ದೀರಾ? ಆಡಿಲ್ಲವಾದರೆ ಜೂನ್‌ಗೆ ಮುಂಚೆ ಆಡಿ. ದೇವರ ಬಗ್ಗೆ ಅವಳ ಮೊದಲ ಗಂಭೀರ ಮಾತುಕತೆ ಚರ್ಚಿನ ಹಾಲ್‌ನಲ್ಲೇ ನಡೆದರೆ ಅದಕ್ಕೆ ಶಾಲೆಯನ್ನು ದೂರುವಂತಿಲ್ಲ.

ಇನ್ನೊಂದು ಸಣ್ಣ ವಿಷಯವನ್ನು ಮರೆಯದೆ ಹೇಳಿಕೊಡಿ. ವಾರದಲ್ಲಿ ಒಮ್ಮೆಯಾದರೂ ಪೂಜೆ, ಅವರ ‘ಮಾಸ್’, ಇರುತ್ತದೆ. ಕೊನೆಯಲ್ಲಿ ಸಾಲು ನಿಂತು ಪಾದ್ರಿಗಳ ಕೈಯಿಂದ ರೊಟ್ಟಿಯ ಸಣ್ಣ ಬಿಲ್ಲೆ ತೆಗೆದುಕೊಳ್ಳುತ್ತಾರೆ. ನಮ್ಮ ಮಕ್ಕಳು ದೇವಸ್ಥಾನದ ಪ್ರಸಾದದಂತೆ ಭಾವಿಸಿ ಕೈ ಚಾಚಿಬಿಡುತ್ತವೆ. ಅದು ಎಲ್ಲರಿಗೂ ಹಂಚುವ ಪ್ರಸಾದವಲ್ಲ, ದೀಕ್ಷೆ ಪಡೆದ ಕ್ಯಾಥೊಲಿಕರಿಗೆ ಮೀಸಲು. ಅವಳು ಕೂತಲ್ಲೇ ಕೂರಬಹುದು. ಸಾಲಿನಲ್ಲಿ ಹೋಗಲೇಬೇಕೆನಿಸಿದರೆ ಎರಡೂ ಕೈಯನ್ನು ಎದೆಯ ಮೇಲೆ ಅಡ್ಡಡ್ಡ ಇಟ್ಟುಕೊಂಡರೆ, ಅಲ್ಲಿನ ಬಹಳಷ್ಟು ಚರ್ಚುಗಳಲ್ಲಿ ಪಾದ್ರಿಗಳು ಆಶೀರ್ವದಿಸಿ ಕಳಿಸುತ್ತಾರೆ.

ಊಟದ ಮಾತು. ಸಸ್ಯಾಹಾರಿ ಎಂದು ಫಾರ್ಮಿನಲ್ಲಿ ಬರೆದರೆ ಸಾಲದು. ಆ ಬೆಟ್ಟಗಳ ಮನೆಯೂಟ ಅಂದರೆ ಬೇಯಿಸಿದ ಕಾಳು, ಜೋಳದ ಹಿಟ್ಟಿನ ಬ್ರೆಡ್. ನೋಡಲು ನಮ್ಮದೇ ಅನ್ನಿಸುತ್ತದೆ, ಆದರೆ ಕಾಳಿಗೆ ರುಚಿಗೆಂದು ಹಂದಿಯ ಮೂಳೆಯನ್ನೋ ಕೊಬ್ಬನ್ನೋ ಹಾಕುವುದು ಅಲ್ಲಿನ ವಾಡಿಕೆ. ಕೇಳಿ ತಿನ್ನಲಿ. ಯಾರದೋ ಮನೆಯಲ್ಲಿ ಅಜ್ಜಿಯೊಬ್ಬರು ಪ್ರೀತಿಯಿಂದ ಬಡಿಸಿದಾಗ ಮುಖ ಸಿಂಡರಿಸದೆ ಬೇಡ ಅನ್ನುವುದನ್ನೂ ಕಲಿಯಲಿ. ಚಟ್ನಿಪುಡಿ ಕಟ್ಟಿಕೊಡಿ, ಆದರೆ ಒಂದು ಡಬ್ಬಿ ಸಾಕು.

ಸುರಕ್ಷತೆಯ ವಿಷಯದಲ್ಲಿ ಸಂಕೋಚ ಬೇಡವೇ ಬೇಡ. ಮಕ್ಕಳ ಮೇಲಿನ ದೌರ್ಜನ್ಯಗಳು ಬಯಲಾದ ಮೇಲೆ ಅಮೆರಿಕದ ಬಿಷಪ್‌ಗಳು 2002ರಲ್ಲಿ ಡಲ್ಲಾಸ್‌ನಲ್ಲಿ ಸೇರಿ ನಿಯಮಾವಳಿ ಮಾಡಿದರು. ಮಕ್ಕಳೊಡನೆ ಕೆಲಸ ಮಾಡುವ ದೊಡ್ಡವರ ಹಿನ್ನೆಲೆ ತಪಾಸಣೆ ಅದರಲ್ಲಿ ಕಡ್ಡಾಯ. ಜೊತೆಗೆ ಹೋಗುವವರು ಯಾರು, ಎಲ್ಲರ ತಪಾಸಣೆ ಆಗಿದೆಯೇ, ಹುಡುಗಿಯರು ಮಲಗುವ ಜಾಗ ಯಾವುದು, ಹತ್ತಿರದ ಆಸ್ಪತ್ರೆ ಎಷ್ಟು ದೂರ, ಯಂತ್ರದ ಗರಗಸ ಮಕ್ಕಳ ಕೈಗೆ ಕೊಡುತ್ತಾರೆಯೇ, ತುರ್ತಿಗೆ ಯಾವ ನಂಬರಿಗೆ ಕರೆ ಮಾಡಬೇಕು? ಇಷ್ಟಕ್ಕೂ ಉತ್ತರವನ್ನು ಬರೆಸಿಕೊಳ್ಳಿ. ಮೊಳೆ ಚುಚ್ಚುವ ಕೆಲಸ, ಆದ್ದರಿಂದ ಹನ್ನೊಂದು ಹನ್ನೆರಡನೇ ವಯಸ್ಸಿಗೆ ಕೊಡುವ ಟೆಟನಸ್ ಲಸಿಕೆ ಆಗಿದೆಯೇ ನೋಡಿ. ಫೋನ್ ಇಲ್ಲದಿರುವುದಕ್ಕೆ ಮಾತ್ರ ನಾನು ಶಾಲೆಯ ಪರ.

ಯಜಮಾನರ ಲೆಕ್ಕಾಚಾರ ನನಗೆ ಅತ್ತೆಯವರ ಭಯಕ್ಕಿಂತ ಹೆಚ್ಚು ಕಸಿವಿಸಿ ತಂದಿತು. ಹಾರ್ವರ್ಡ್‌ನ ಶಿಕ್ಷಣ ವಿಭಾಗದವರೇ 2016ರಲ್ಲಿ ಒಂದು ವರದಿ ತಂದು, ದೂರದೂರಿಗೆ ಹಾರಿಹೋಗಿ ಬರುವ ಸೇವೆಗಿಂತ ಮನೆಯ ಹತ್ತಿರ ದೀರ್ಘಕಾಲ ಮಾಡುವ ಸೇವೆಗೆ ಕಾಲೇಜುಗಳು ಬೆಲೆ ಕೊಡಲಿ ಎಂದು ಹೇಳಿದ್ದಾರೆ. ಬಡವರನ್ನು ಕಂಡು ತನ್ನ ಅದೃಷ್ಟ ನೆನೆದು ಕಣ್ಣೀರಿಟ್ಟ ಪ್ರಬಂಧವನ್ನು ಓದಿ ಓದಿ ಪ್ರವೇಶ ಸಮಿತಿಗಳು ಬೇಸತ್ತಿವೆ. ಅದಕ್ಕಿಂತ ಮುಖ್ಯವಾಗಿ, ಇನ್ನೊಬ್ಬರ ಸೋರುವ ಸೂರು ನಮ್ಮ ಹುಡುಗಿಯ ಅರ್ಜಿಗೆ ಸರಕಾಗಬಾರದು. ಆ ಮನೆಯವರ ಫೋಟೊ ತೆಗೆಯಬಾರದು ಎಂಬ ನಿಯಮ ಇದೆಯೇ ಕೇಳಿ. ಇಲ್ಲದಿದ್ದರೆ ಮನೆಯಲ್ಲಿ ನೀವೇ ಮಾಡಿ.

ಈ ಟೀಕೆ ಹೊಸದೂ ಅಲ್ಲ, ಹೊರಗಿನದೂ ಅಲ್ಲ. 1968ರಲ್ಲಿ ಮೆಕ್ಸಿಕೊಗೆ ಸೇವೆಗೆಂದು ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳಿಗೆ, ಸ್ವತಃ ಪಾದ್ರಿಯಾಗಿದ್ದ ಇವಾನ್ ಇಲಿಚ್, ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂದುಬಿಟ್ಟ. ನಾನು ಅಷ್ಟು ದೂರ ಹೋಗಲಾರೆ. ಸುತ್ತಿಗೆ ಹಿಡಿದೇ ಗೊತ್ತಿಲ್ಲದ ಹತ್ತು ಮಕ್ಕಳು ಒಂದು ವಾರದಲ್ಲಿ ಮಾಡುವ ರಿಪೇರಿ ಅಷ್ಟಕ್ಕಷ್ಟೆ ಅನ್ನುವುದು ನಿಜ. ಆದ್ದರಿಂದ ಒಂದು ಪ್ರಶ್ನೆ ಕೇಳಿ: ಯಾವ ಮನೆ, ಯಾವ ಕೆಲಸ ಎಂದು ನಿರ್ಧರಿಸುವವರು ಯಾರು? ವರ್ಷವಿಡೀ ಅಲ್ಲೇ ಇರುವ ಸಂಸ್ಥೆಯೊಂದು, ಮನೆಯವರೇ ಕೇಳಿಕೊಂಡ ಮೇಲೆ ಮಾಡಿಸುತ್ತಿದ್ದರೆ ಸರಿ. ಮೆಥೊಡಿಸ್ಟರು ಶುರುಮಾಡಿದ ಅಪಲಾಚಿಯ ಸರ್ವಿಸ್ ಪ್ರಾಜೆಕ್ಟ್ 1969ರಿಂದ ಆ ಬೆಟ್ಟಸೀಮೆಯಲ್ಲಿ ಮನೆ ರಿಪೇರಿ ಮಾಡಿಸುತ್ತಿದೆ. ವಾರಕ್ಕೊಂದು ಗುಂಪು ಬಂದು ಹೋದರೂ ಕೆಲಸ ಮುಂದುವರಿಯುವುದು ಅಂಥ ಕಡೆ.

ಇನ್ನು ನಿಮ್ಮ ಪಾಲಿನ ಕೆಲಸ. ನೀವು ಬಂಗಾರಪೇಟೆಯವರು. ಪಕ್ಕದ ಕೆ.ಜಿ.ಎಫ್. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಏನಾಯಿತೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಮಾರಿಕುಪ್ಪಂನಿಂದ ಹೊರಟು ನಿಮ್ಮೂರಿನ ಮೇಲೆ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು, ಕೂಲಿಗೆಂದು ಅದರಲ್ಲಿ ನೇತಾಡುವ ಗಣಿ ಕಾರ್ಮಿಕರ ಮಕ್ಕಳು, ಬೇಸಿಗೆಯ ಗಾಳಿಗೆ ಸೈನೈಡ್ ದಿಬ್ಬದಿಂದ ಏಳುವ ಧೂಳು. ವೆಸ್ಟ್ ವರ್ಜೀನಿಯಾದ ಕತೆಯೂ ಅದೇ, ಚಿನ್ನದ ಬದಲು ಕಲ್ಲಿದ್ದಲು. ಯಂತ್ರಗಳು ಬಂದು ಆಳುಗಳು ಬೇಡವಾದರು, ಬೆಟ್ಟಗಳ ತಲೆಯನ್ನೇ ಸಿಡಿಸಿ ತೆಗೆದರು, ನೋವಿನ ಮಾತ್ರೆಗಳ ಚಟ ಊರೂರು ನುಂಗಿತು. ಕಲ್ಲಿದ್ದಲು ತೊಳೆಯುವ ರಾಸಾಯನಿಕ 2014ರ ಜನವರಿಯಲ್ಲಿ ಎಲ್ಕ್ ನದಿಗೆ ಸೋರಿ, ಸುಮಾರು ಮೂರು ಲಕ್ಷ ಜನ ನಲ್ಲಿ ನೀರು ಮುಟ್ಟದಂತಾಯಿತು. ಇದನ್ನು ತಿಳಿಯದೆ ಹೋದ ಹುಡುಗಿ ‘ಪಾಪದ ಜನ’ ಎಂದುಕೊಂಡು ವಾಪಸು ಬರುತ್ತಾಳೆ. ತಿಳಿದು ಹೋದವಳು ‘ಇವರ ಬೆಟ್ಟದ ದುಡ್ಡು ಎಲ್ಲಿಗೆ ಹೋಯಿತು?’ ಎಂದು ಕೇಳುತ್ತಾಳೆ. ಶಾಲೆಯ ತಯಾರಿ ತರಗತಿಯಲ್ಲಿ ಕೋಲಾರದ ಮಾತು ಬರುವುದಿಲ್ಲ. ಅದನ್ನು ನೀವೇ ಹೇಳಬೇಕು, ಒಂದು ಭಾನುವಾರ ಸಾಕು.

ವಾಪಸು ಬಂದ ಮೇಲೆ ಕೆಲವು ದಿನ ಮನೆಯ ದೊಡ್ಡ ಟಿ.ವಿ., ಎರಡು ಕಾರು ಎಲ್ಲದರ ಮೇಲೂ ಉಪನ್ಯಾಸ ಕೊಡುತ್ತಾಳೆ. ಸಹಿಸಿಕೊಳ್ಳಿ, ವಾದಕ್ಕೆ ಇಳಿಯಬೇಡಿ. ನಿಮ್ಮ ಊರಿನಲ್ಲೇ ಬಡವರಿಗೆ ದಿನಸಿ ಹಂಚುವ ಫುಡ್ ಪ್ಯಾಂಟ್ರಿ ಇರುತ್ತದೆ. ತಿಂಗಳಿಗೆರಡು ಶನಿವಾರ ಅಲ್ಲಿಗೆ ಅವಳನ್ನು ನಿಮ್ಮ ಯಜಮಾನರೇ ಕಾರಿನಲ್ಲಿ ಬಿಟ್ಟು, ತಾವೂ ನಿಂತು ಚೀಲ ತುಂಬಲಿ.

ತಟ್ಟೆಯ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ನ್ಯಾಯ. ಆದರೆ ಅದನ್ನು ಅನುಮತಿಗೆ ಷರತ್ತು ಮಾಡಬೇಡಿ, ಸೇವೆ ಶಿಕ್ಷೆಯಾಗಿಬಿಡುತ್ತದೆ. ಸಹಿ ಹಾಕಿ ಕಾಗದ ಕೈಗಿಟ್ಟ ಮೇಲೆ, ಆ ಸಂಜೆಯಿಂದಲೇ ತೊಳೆಯಲು ಹೇಳಿ. ಬರೀ ಅವಳದಲ್ಲ, ಎಲ್ಲರದೂ.